ತಡೆಯುವುದೂ ಒಂದು ಕೆಲಸ

(ನಮ್ಮ ನಿಲಯದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಮುದ್ರಿಸಲಾಗಿದೆ.)



ಪ್ರತಿ ವಾರ ಈ ಹೊತ್ತಿಗೆ ನಿಮಗೆ ಹಾಡು ಕೇಳಿಸುತ್ತೇನೆ, ಕನ್ನಡ ಸಂಘಗಳ ಕಾರ್ಯಕ್ರಮದ ಸುದ್ದಿ ಹೇಳುತ್ತೇನೆ, ನಿಮ್ಮ ಪತ್ರ ಓದುತ್ತೇನೆ. ಇವತ್ತು ಸ್ವಲ್ಪ ದಾರಿ ಬಿಟ್ಟು ವಿಜ್ಞಾನದ ಮಾತಾಡುತ್ತೇನೆ. ಪಂಪ, ರನ್ನ, ಕುಮಾರವ್ಯಾಸರನ್ನು ಓದಿ ಬಿ.ಎ. ಮಾಡಿದ ಇವಳಿಗೆ ರಸಾಯನಶಾಸ್ತ್ರ ಯಾಕೆ ಬೇಕಿತ್ತು ಎಂದು ನೀವು ನಗಬಹುದು. ನನಗೂ ಬೇಕಿರಲಿಲ್ಲ. ನಮ್ಮ ಅಪ್ಪನ ಕೆಮ್ಮು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು.

ನಮ್ಮ ಅಪ್ಪ ಗದಗಿನವರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದರು. ಅಮ್ಮ ತೀರಿಕೊಂಡ ಮೇಲೆ ಡೊಂಬಿವಲಿಗೆ, ನಮ್ಮ ಮನೆಗೆ ಬಂದರು. ಬಂದ ವರ್ಷವೇ ಎದೆ ನೋವು ಕಾಣಿಸಿಕೊಂಡು ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಅಂದಿನಿಂದ ನಮ್ಮ ಮನೆಯ ಟಿವಿ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಮುಖ್ಯವಾಗಿ ಮೂರು ಮಾತ್ರೆ: ರಕ್ತದೊತ್ತಡಕ್ಕೆ ಒಂದು, ಕೊಲೆಸ್ಟರಾಲಿಗೆ ಒಂದು, ರಕ್ತ ಹೆಪ್ಪುಗಟ್ಟದಂತೆ ಚಿಕ್ಕ ಡೋಸಿನ ಆಸ್ಪಿರಿನ್ ಒಂದು. ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇಂಥ ಡಬ್ಬಿ ಇದ್ದೇ ಇರುತ್ತದೆ.

ಹೋದ ವರ್ಷ ಅಪ್ಪನಿಗೆ ಒಣ ಕೆಮ್ಮು ಶುರುವಾಯಿತು. ಕಫ ಇಲ್ಲ, ಜ್ವರ ಇಲ್ಲ. ಗಂಟಲಲ್ಲಿ ಏನೋ ಕಚಗುಳಿ ಇಟ್ಟ ಹಾಗೆ. ರಾತ್ರಿ ಮಲಗಿದರೆ ಸಾಕು, ಕೆಮ್ಮು. ಶುಂಠಿ ಕಷಾಯ ಆಯಿತು, ಜೇನುತುಪ್ಪ ಆಯಿತು, ಹಬೆ ಆಯಿತು, ಎರಡು ಬಗೆಯ ಸಿರಪ್ ಆಯಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಅಪ್ಪನದು ಒಂದೇ ಮಾತು: “ಈ ಮುಂಬೈ ಹವಾ ನನಗ ಆಗಿ ಬರಂಗಿಲ್ಲವ್ವಾ. ಊರಿಗೆ ಹೋದ್ರ ಎಲ್ಲಾ ಚಲೋ ಆಗ್ತದ.” ನಾನೂ ಹಾಗೇ ಅಂದುಕೊಂಡೆ. ಇಲ್ಲಿನ ಗಾಳಿಯನ್ನು ಬೈಯುವುದು ಸುಲಭವಲ್ಲವೇ?

ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಪ್ಪ ಸ್ಟೇಷನ್ ಹತ್ತಿರ ತರಕಾರಿ ತರಲು ಹೋದವರು ತಲೆ ಸುತ್ತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರಂತೆ. ಯಾರೋ ಪುಣ್ಯಾತ್ಮರು ಮನೆ ಮುಟ್ಟಿಸಿದರು. ಬಿಪಿ ನೋಡಿದರೆ 190ರ ಹತ್ತಿರ. ಡಬ್ಬಿ ತೆರೆದೆ. ಮಾತ್ರೆಯ ಪಟ್ಟಿಗಳು ಖಾಲಿಯಾಗಿಯೇ ಇಲ್ಲ. ಎಣಿಸಿದೆ. ಹನ್ನೊಂದು ದಿನದಿಂದ ಅಪ್ಪ ಒಂದೂ ಮಾತ್ರೆ ತೆಗೆದುಕೊಂಡಿರಲಿಲ್ಲ.

“ಯಾಕಪ್ಪಾ?” ಎಂದೆ. “ಗುಳಿಗಿ ತಿಂದ ತಿಂದ ಹೊಟ್ಟಿ ಮೆಡಿಕಲ್ ಶಾಪ್ ಆಗೇದ. ಕೆಮ್ಮಿಗೆ ಒಂದೂ ನಾಟವಲ್ದು. ಎಲ್ಲಾ ಬಿಟ್ಟು ನೋಡೂಣು ಅಂತ ಬಿಟ್ಟೆ” ಎಂದರು. ಆಮೇಲೆ ತುಸು ಸಣ್ಣ ದನಿಯಲ್ಲಿ, “ಕೆಮ್ಮು ಮಾತ್ರ ಕಡಿಮಿ ಆಗೇದ ನೋಡವ್ವಾ” ಎಂದು ಸೇರಿಸಿದರು.

ಬಂಧುಗಳೇ, ಅಪ್ಪ ಮಾಡಿದ್ದು ತಪ್ಪು. ಆದರೆ ಅವರು ಹೇಳಿದ್ದು ನಿಜ. ಕೆಮ್ಮು ಕಡಿಮೆಯಾಗಿತ್ತು. ಮುಂಬೈ ಗಾಳಿ ಬದಲಾಗಿರಲಿಲ್ಲ. ಹಾಗಾದರೆ ಏನು ನಡೆಯಿತು? ಇದನ್ನು ತಿಳಿಯಲು ನಾನು ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿರುವ ಕೆಮಿಸ್ಟ್ರಿ ಮೇಷ್ಟ್ರ ಮನೆ ಮೆಟ್ಟಿಲು ಹತ್ತಿದೆ. ಅವರು ಎರಡು ಸಂಜೆ ಕೂರಿಸಿಕೊಂಡು ಹೇಳಿದ್ದನ್ನು ನನ್ನ ಮಾತಿನಲ್ಲಿ ನಿಮಗೆ ಹೇಳುತ್ತೇನೆ.

ನಮ್ಮ ಮೈಯೊಳಗೆ ಒಂದು ಕ್ಷಣವೂ ಬಿಡುವಿಲ್ಲದೆ ಸಾವಿರಾರು ಬಗೆಯ ರಾಸಾಯನಿಕ ಕೆಲಸ ನಡೆಯುತ್ತಿರುತ್ತದೆ. ಅನ್ನ ಸಕ್ಕರೆಯಾಗಬೇಕು, ಸಕ್ಕರೆ ಶಕ್ತಿಯಾಗಬೇಕು, ಹಳೆಯದು ಒಡೆಯಬೇಕು, ಹೊಸದು ಕಟ್ಟಬೇಕು. ತಾವಾಗಿಯೇ ಆಗಲು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವು ಬಹಳ ಬಹಳ ನಿಧಾನ. ಅವನ್ನು ಬೇಗ ಬೇಗ ಆಗಿಸುವ ಆಳುಗಳೇ ಎನ್‌ಜೈಮುಗಳು. ಕನ್ನಡದಲ್ಲಿ ಕಿಣ್ವ. ಹೆಚ್ಚುಕಡಿಮೆ ಎಲ್ಲ ಕಿಣ್ವಗಳೂ ಪ್ರೊಟೀನ್‌ಗಳು. ಕೆಲಸ ಮಾಡಿಸುತ್ತವೆ, ಆದರೆ ತಾವು ಖರ್ಚಾಗುವುದಿಲ್ಲ. ಒಂದು ಅಣುವಿನ ಕೆಲಸ ಮುಗಿಸಿ ಮುಂದಿನದಕ್ಕೆ ಕೈ ಹಾಕುತ್ತವೆ.

ಇಲ್ಲಿ ಭಾಷೆಯ ವಿದ್ಯಾರ್ಥಿನಿಯಾಗಿ ಒಂದು ಮಾತು. ಸಂಸ್ಕೃತದಲ್ಲಿ ಕಿಣ್ವ ಎಂದರೆ ಮದ್ಯ ಹುಳಿಯಲು ಹಾಕುವ ಹೆಪ್ಪು. ಎನ್‌ಜೈಮ್ ಎಂಬ ಮಾತನ್ನು 1870ರ ದಶಕದಲ್ಲಿ ಟಂಕಿಸಿದವರು ಜರ್ಮನಿಯ ವಿಲ್‌ಹೆಲ್ಮ್ ಕ್ಯೂನ್. ಗ್ರೀಕ್ ಮೂಲದಲ್ಲಿ ಅದರ ಅರ್ಥ ಹುಳಿಹಿಟ್ಟಿನೊಳಗೆ, ಯೀಸ್ಟಿನೊಳಗೆ ಎಂದು. ಎರಡು ಭಾಷೆಯವರೂ ಹುಳಿ ಬರಿಸುವುದನ್ನು ನೋಡಿಯೇ ಹೆಸರಿಟ್ಟಿದ್ದಾರೆ. ಇಡ್ಲಿ ಹಿಟ್ಟು ಉಕ್ಕುವುದನ್ನು ನೋಡಿದ ನಮಗೂ ಇದು ಹೊಸದಲ್ಲ.

ಪ್ರತಿಯೊಂದು ಕಿಣ್ವಕ್ಕೂ ಒಂದು ಗೂಡಿರುತ್ತದೆ. ತನ್ನ ಕೆಲಸದ ಅಣು ಬಂದು ಅಲ್ಲಿ ಕೂತರೆ ಮಾತ್ರ ಕೆಲಸ ನಡೆಯುತ್ತದೆ. 1894ರಲ್ಲಿ ಎಮಿಲ್ ಫಿಷರ್ ಎಂಬ ವಿಜ್ಞಾನಿ ಇದನ್ನು ಬೀಗ ಮತ್ತು ಬೀಗದ ಕೈಗೆ ಹೋಲಿಸಿದರು. ಈಗಿನವರು ಬೀಗವೂ ಕೈ ಬಂದಾಗ ತುಸು ಬಳುಕಿ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ನಮ್ಮ ಮೇಷ್ಟ್ರು ಬೀಗ ಬಿಟ್ಟು ಡೊಂಬಿವಲಿ ಸ್ಟೇಷನ್ ಹೊರಗಿನ ರಿಕ್ಷಾ ಸ್ಟ್ಯಾಂಡಿನ ಹೋಲಿಕೆ ಕೊಟ್ಟರು. ಅದು ನನಗೆ ಚೆನ್ನಾಗಿ ಹಿಡಿಸಿತು.

ಸ್ಟ್ಯಾಂಡಿನಲ್ಲಿ ಹತ್ತು ರಿಕ್ಷಾ ಇವೆ ಅಂದುಕೊಳ್ಳಿ. ಮಧ್ಯಾಹ್ನ ಪ್ರಯಾಣಿಕರು ಕಡಿಮೆ, ರಿಕ್ಷಾಗಳು ಕಾಯುತ್ತವೆ. ಸಂಜೆ ಫಾಸ್ಟ್ ಲೋಕಲ್ ಬಂದು ಜನ ಹೆಚ್ಚಾದ ಹಾಗೆ ಟ್ರಿಪ್ಪುಗಳೂ ಹೆಚ್ಚುತ್ತವೆ. ಆದರೆ ಒಂದು ಮಿತಿ ಇದೆ. ಹತ್ತೂ ರಿಕ್ಷಾ ಬಿಡುವಿಲ್ಲದೆ ಓಡತೊಡಗಿದ ಮೇಲೆ ಸಾಲು ಎಷ್ಟೇ ಉದ್ದವಾದರೂ ಟ್ರಿಪ್ಪು ಹೆಚ್ಚಾಗದು. ಕಿಣ್ವಗಳದ್ದೂ ಇದೇ ಲೆಕ್ಕ. 1913ರಲ್ಲಿ ಲಿಯೋನರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ ಎಂಬಿಬ್ಬರು ಇದನ್ನು ಒಂದು ಸೂತ್ರದಲ್ಲಿ ಬರೆದಿಟ್ಟರು. ವಿದ್ಯಾರ್ಥಿಗಳು ಇವತ್ತಿಗೂ ಅದನ್ನೇ ಓದುತ್ತಾರೆ.

ಈಗ ತಡೆಯುವವರು ಬರುತ್ತಾರೆ. ಕಿಣ್ವದ ಕೆಲಸಕ್ಕೆ ಅಡ್ಡ ಬರುವ ವಸ್ತುವನ್ನು ಇನ್‌ಹಿಬಿಟರ್, ಕನ್ನಡದಲ್ಲಿ ಪ್ರತಿಬಂಧಕ ಎನ್ನುತ್ತಾರೆ. ಅವರು ಮುಖ್ಯವಾಗಿ ಮೂರು ಥರ.

ಮೊದಲನೆಯವರು ಪೈಪೋಟಿಯವರು. ನೋಡಲು ಪ್ರಯಾಣಿಕರ ಹಾಗೇ ಇರುತ್ತಾರೆ. ರಿಕ್ಷಾದಲ್ಲಿ ಬಂದು ಕೂರುತ್ತಾರೆ. ಆದರೆ ಎಲ್ಲಿಗೂ ಹೋಗುವುದಿಲ್ಲ. ಸ್ವಲ್ಪ ಹೊತ್ತು ಕೂತು ಇಳಿದು ಇನ್ನೊಂದರಲ್ಲಿ ಕೂರುತ್ತಾರೆ. ಜನ ಕಡಿಮೆ ಇದ್ದಾಗ ಇವರ ಕಾಟ ಜಾಸ್ತಿ. ನಿಜವಾದ ಪ್ರಯಾಣಿಕರ ಸಾಲು ಬಹಳ ಉದ್ದವಾದರೆ ಇವರಿಗೆ ಸೀಟು ಸಿಗುವುದು ಅಪರೂಪವಾಗಿ, ಸ್ಟ್ಯಾಂಡು ಮತ್ತೆ ತನ್ನ ಪೂರ್ತಿ ವೇಗಕ್ಕೆ ಬರುತ್ತದೆ.

ಎರಡನೆಯವರು ಸೀಟಿಗೆ ಬರುವುದೇ ಇಲ್ಲ. ಬೇರೆ ಕಡೆಯಿಂದ ಕೈ ಹಾಕಿ ರಿಕ್ಷಾದ ಕೀ ತೆಗೆದುಕೊಂಡು ನಿಲ್ಲುತ್ತಾರೆ. ಪ್ರಯಾಣಿಕರು ಬಂದು ಕೂತರೂ ಗಾಡಿ ಹೊರಡದು. ಹತ್ತರಲ್ಲಿ ನಾಲ್ಕರ ಕೀ ಹೋದರೆ ಓಡುವುದು ಆರೇ. ಸಾಲು ಎಷ್ಟು ಉದ್ದವಾದರೂ ಇಲ್ಲಿ ಪ್ರಯೋಜನವಿಲ್ಲ. ಸ್ಟ್ಯಾಂಡಿನ ಮಿತಿಯೇ ಕೆಳಗೆ ಇಳಿದಿರುತ್ತದೆ.

ಈ ಎರಡು ಥರದವರೂ ಒಂದಲ್ಲ ಒಂದು ಹೊತ್ತಿಗೆ ಬಿಟ್ಟು ಹೋಗುವವರು. ಮೂರನೆಯವರು ಹಾಗಲ್ಲ. ಬಂದು ಕೂತವರು ಸೀಟಿಗೆ ವೆಲ್ಡಿಂಗ್ ಮಾಡಿದ ಹಾಗೆ ಅಂಟಿಕೊಳ್ಳುತ್ತಾರೆ. ಆ ರಿಕ್ಷಾದ ಕಥೆ ಅಲ್ಲಿಗೆ ಮುಗಿಯಿತು. ಕಾರ್ಖಾನೆಯಿಂದ ಹೊಸ ರಿಕ್ಷಾ ಬರುವವರೆಗೆ ಆ ಜಾಗ ಖಾಲಿ.

ಇಷ್ಟು ತಿಳಿದ ಮೇಲೆ ಮೇಷ್ಟ್ರು, “ಈಗ ನಿಮ್ಮ ತಂದೆಯವರ ಡಬ್ಬಿ ತನ್ನಿ” ಎಂದರು. ಆ ಮೂರೂ ಮಾತ್ರೆಗಳು ಪ್ರತಿಬಂಧಕಗಳೇ! ಮೂರೂ ಯಾವುದೋ ಒಂದು ಕಿಣ್ವವನ್ನು ತಡೆಯುವುದರಿಂದಲೇ ಅಪ್ಪನನ್ನು ಕಾಯುತ್ತಿದ್ದವು.

ಕೊಲೆಸ್ಟರಾಲ್ ಮಾತ್ರೆಯಿಂದ ಶುರು ಮಾಡೋಣ. ಅದು ಸ್ಟ್ಯಾಟಿನ್ ಎಂಬ ಜಾತಿಯದು. ನಮ್ಮ ಮೈಯ ಕೊಲೆಸ್ಟರಾಲ್ ಎಲ್ಲವೂ ಎಣ್ಣೆ ತುಪ್ಪದಿಂದ ಬಂದದ್ದಲ್ಲ. ದೇಹವೇ, ಮುಖ್ಯವಾಗಿ ಲಿವರ್, ಅದನ್ನು ತಯಾರಿಸುತ್ತದೆ. ಆ ತಯಾರಿಕೆಯ ಸರಣಿಯಲ್ಲಿ ಒಂದು ಕಿಣ್ವವೇ ಮುಖ್ಯ ನಲ್ಲಿ ಇದ್ದ ಹಾಗೆ. ಸ್ಟ್ಯಾಟಿನ್ ಆ ಕಿಣ್ವದ ಗೂಡಿನಲ್ಲಿ ಪೈಪೋಟಿಗೆ ಕೂರುತ್ತದೆ. ನಿಜವಾದ ಅಣುವಿಗಿಂತ ಸಾವಿರಾರು ಪಟ್ಟು ಬಿಗಿಯಾಗಿ ಹಿಡಿದು ಕೂರುತ್ತದೆ. ಒಳಗೆ ತಯಾರಿಕೆ ಕಡಿಮೆಯಾದಾಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಹೀರಿಕೊಳ್ಳುತ್ತದೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯುವುದು ಹೀಗೆ.

ಇದನ್ನು ಮೊದಲು ಕಂಡುಹಿಡಿದವರು ಜಪಾನಿನ ಅಕಿರಾ ಎಂಡೋ. ಬೂಷ್ಟುಗಳು ಬೇರೆ ಸೂಕ್ಷ್ಮಜೀವಿಗಳನ್ನು ದೂರ ಇಡಲು ಇಂಥ ಪ್ರತಿಬಂಧಕವನ್ನು ತಯಾರಿಸುತ್ತಿರಬಹುದು ಎಂಬುದು ಅವರ ಊಹೆ. ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊನೆಗೆ 1973ರಲ್ಲಿ, ಅಕ್ಕಿಯ ಮೇಲೆ ಬೆಳೆದಿದ್ದ ಒಂದು ನೀಲಿ ಹಸಿರು ಬೂಷ್ಟಿನಲ್ಲಿ ಸಿಕ್ಕಿತು. ನಾವು ಮುಖ ಸಿಂಡರಿಸಿ ಎಸೆಯುವ ಬೂಷ್ಟು! 1987ರಲ್ಲಿ ಇನ್ನೊಂದು ಬೂಷ್ಟಿನಿಂದ ಬಂದ ಸ್ಟ್ಯಾಟಿನ್ ಅಮೆರಿಕದಲ್ಲಿ ಔಷಧವಾಗಿ ಮಾರುಕಟ್ಟೆಗೆ ಬಂತು. ಎಂಡೋ 2024ರಲ್ಲಿ ತೀರಿಕೊಂಡರು. ಅವರು ತೋರಿದ ದಾರಿಯಿಂದ ಇವತ್ತು ಬದುಕಿರುವವರು ಲೋಕದ ತುಂಬ ಇದ್ದಾರೆ.

ಇನ್ನು ರಕ್ತದೊತ್ತಡದ ಮಾತ್ರೆ. ಕೆಮ್ಮಿನ ಗುಟ್ಟು ಇದ್ದದ್ದು ಇಲ್ಲಿ. ಆ ಮಾತ್ರೆ ಎಸಿಇ ಎಂಬ ಕಿಣ್ವವನ್ನು ತಡೆಯುವ ಗುಂಪಿನದು. ಈ ಕಿಣ್ವದ ಒಂದು ಕೆಲಸ, ರಕ್ತನಾಳವನ್ನು ಬಿಗಿ ಮಾಡುವ ಒಂದು ವಸ್ತುವನ್ನು ತಯಾರಿಸುವುದು. ಅದನ್ನು ತಡೆದರೆ ನಾಳ ಸಡಿಲವಾಗುತ್ತದೆ, ಬಿಪಿ ಇಳಿಯುತ್ತದೆ. ಈ ಔಷಧದ ಮೂಲ ಕೇಳಿದರೆ ಬೆರಗಾಗುತ್ತೀರಿ. ಬ್ರೆಜಿಲ್ ದೇಶದಲ್ಲಿ ಜರರಾಕಾ ಎಂಬ ವಿಷದ ಹಾವಿದೆ. ಅದು ಕಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ. ಅಲ್ಲಿನ ಸೆರ್ಜಿಯೋ ಫೆರೇರಾ ಎಂಬ ವಿಜ್ಞಾನಿ 1960ರ ದಶಕದಲ್ಲಿ ಅದರ ವಿಷವನ್ನು ಅಭ್ಯಾಸ ಮಾಡಿ, ಅದನ್ನು ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಾಲಯಕ್ಕೆ ಒಯ್ದರು. ವಿಷದೊಳಗೆ ಎಸಿಇ ಕಿಣ್ವವನ್ನು ತಡೆಯುವ ಅಂಶ ಇರುವುದು ಗೊತ್ತಾಯಿತು. ಅದನ್ನು ಹಾಗೇ ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಅಮೆರಿಕದ ಕುಶ್ಮನ್ ಮತ್ತು ಒಂಡೆಟ್ಟಿ ಎಂಬ ವಿಜ್ಞಾನಿಗಳು ಆ ಕಿಣ್ವದ ಗೂಡು ಹೇಗಿರಬಹುದೆಂದು ಲೆಕ್ಕ ಹಾಕಿ, ಅದಕ್ಕೆ ಕೂರುವಂಥ ಚಿಕ್ಕ ಅಣುವನ್ನು ತಾವೇ ಕಟ್ಟಿದರು. ಅದೇ ಕ್ಯಾಪ್ಟೊಪ್ರಿಲ್. 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇವತ್ತು ‘ಪ್ರಿಲ್’ ಎಂದು ಕೊನೆಯಾಗುವ ಬಿಪಿ ಮಾತ್ರೆಗಳೆಲ್ಲ ಅದರ ತಮ್ಮಂದಿರು.

ಹಾಗಾದರೆ ಕೆಮ್ಮು? ಎಸಿಇ ಕಿಣ್ವಕ್ಕೆ ಎರಡು ಕೆಲಸ. ಒಂದು ಹೇಳಿದೆ. ಇನ್ನೊಂದು, ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದು ಹಾಕುವುದು. ರಿಕ್ಷಾವನ್ನು ನಿಲ್ಲಿಸಿದರೆ ಎರಡೂ ದಾರಿಯ ಪ್ರಯಾಣಿಕರು ನಿಲ್ಲುತ್ತಾರೆ. ಬ್ರಾಡಿಕೈನಿನ್ ಒಡೆಯದೆ ಉಳಿದು ಶ್ವಾಸನಾಳದ ನರಗಳನ್ನು ಕೆರಳಿಸುತ್ತದೆ. ಈ ಮಾತ್ರೆ ತೆಗೆದುಕೊಳ್ಳುವ ಹತ್ತು ಜನರಲ್ಲಿ ಒಬ್ಬರಿಗೆ ಅನ್ನುವಷ್ಟು ಈ ಒಣ ಕೆಮ್ಮು ಸಾಮಾನ್ಯ. ಕೆಲವರಿಗೆ ಶುರು ಮಾಡಿದ ವಾರದಲ್ಲೇ ಬರುತ್ತದೆ, ಕೆಲವರಿಗೆ ತಿಂಗಳುಗಳು ಕಳೆದ ಮೇಲೆ. ಕೆಮ್ಮಿನ ಯಾವ ಸಿರಪ್ಪೂ ಇದಕ್ಕೆ ಹೆಚ್ಚು ಉಪಯೋಗವಿಲ್ಲ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ನಮಗೆ ಈ ಮಾತ್ರೆ ಬರೆದುಕೊಟ್ಟಾಗ ಯಾರಾದರೂ ಒಂದು ಮಾತು ಹೇಳಿದ್ದರೆ ಮೂರು ತಿಂಗಳ ಕಷಾಯ ಉಳಿಯುತ್ತಿತ್ತು. ನಾವೂ ಕೇಳಲಿಲ್ಲ ಅನ್ನಿ.

ಮೂರನೆಯದು ಆಸ್ಪಿರಿನ್. ಅಪ್ಪನ ಹನ್ನೊಂದು ದಿನದ ಅಪಾಯ ಇದ್ದದ್ದು ಇದರಲ್ಲಿ. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳಿವೆ. ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತ ನಿಲ್ಲಿಸುವುದು ಅವುಗಳ ಕೆಲಸ. ಹೃದಯದ ಇಕ್ಕಟ್ಟಾದ ನಾಳದಲ್ಲಿ, ಸ್ಟೆಂಟಿನೊಳಗೆ ಹೀಗೆ ಅಂಟಿಕೊಂಡರೆ ಅದೇ ಹೃದಯಾಘಾತ. ‘ಅಂಟಿಕೊಳ್ಳಿ’ ಎಂಬ ಸಂದೇಶದ ವಸ್ತುವನ್ನು ತಯಾರಿಸಲು ಪ್ಲೇಟ್‌ಲೆಟ್‌ನೊಳಗೆ ಒಂದು ಕಿಣ್ವವಿದೆ. ಆಸ್ಪಿರಿನ್ ಅದಕ್ಕೆ ವೆಲ್ಡಿಂಗ್ ಮಾಡುತ್ತದೆ. ಆಸ್ಪಿರಿನ್ ಇಂಥ ಸಂದೇಶಗಳ ತಯಾರಿಕೆಯನ್ನು ತಡೆಯುತ್ತದೆ ಎಂದು 1971ರಲ್ಲಿ ತೋರಿಸಿದವರು, ಆಗ ಹೇಳಿದೆನಲ್ಲ, ಅದೇ ಜಾನ್ ವೇನ್. 1982ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು.

ಬೇರೆ ಜೀವಕೋಶಗಳಾದರೆ ಹೊಸ ಕಿಣ್ವ ತಯಾರಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್‌ಗೆ ಆ ಕಾರ್ಖಾನೆಯೇ ಇಲ್ಲ. ಅದಕ್ಕೆ ನ್ಯೂಕ್ಲಿಯಸ್ ಇಲ್ಲ. ಹಾಗಾಗಿ ಒಮ್ಮೆ ಮುಚ್ಚಿದ ಬಾಗಿಲು ಅದರ ಆಯುಷ್ಯ ಮುಗಿಯುವವರೆಗೂ ಮುಚ್ಚಿದ್ದೇ. ಆ ಆಯುಷ್ಯ ಎಂಟು ಹತ್ತು ದಿನ. ಅದಕ್ಕೇ ದಿನಕ್ಕೊಂದು ಚಿಕ್ಕ ಮಾತ್ರೆ ಸಾಕಾಗುತ್ತದೆ. ಆದರೆ ಪ್ರತಿದಿನ ಸುಮಾರು ಹತ್ತನೇ ಒಂದು ಭಾಗ ಪ್ಲೇಟ್‌ಲೆಟ್‌ಗಳು ಹೊಸದಾಗಿ ಹುಟ್ಟಿ ಬರುತ್ತವೆ. ಮಾತ್ರೆ ಬಿಟ್ಟರೆ ಆ ಹೊಸಬರನ್ನು ತಡೆಯುವವರಿಲ್ಲ.

ಮೇಷ್ಟ್ರು ಇದನ್ನು ಹೇಳಿದಾಗ ನಾನು ಬೆರಳು ಮಡಿಚಿ ಎಣಿಸಿದೆ. ಒಂದು ದಿನ ಬಿಟ್ಟಿದ್ದರೆ ಹತ್ತರಲ್ಲಿ ಒಂದು. ಐದು ದಿನಕ್ಕೆ ಅರ್ಧ. ಹನ್ನೊಂದನೆಯ ದಿನಕ್ಕೆ ಅಪ್ಪನ ಮೈಯಲ್ಲಿದ್ದ ಪ್ಲೇಟ್‌ಲೆಟ್‌ಗಳೆಲ್ಲ ಹೊಸವು. ಕಾವಲು ಪೂರ್ತಿ ಎದ್ದು ಹೋಗಿತ್ತು. ಸ್ಟೇಷನ್ ಮೆಟ್ಟಿಲ ಮೇಲೆ ಬರೀ ತಲೆ ಸುತ್ತಿತು ಎಂಬುದು ನಮ್ಮ ಅದೃಷ್ಟ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ಹೊರಬಿತ್ತು. ಅಪ್ಪ ಮಂಡಿ ನೋವಿಗೆಂದು ಆಗಾಗ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗುತ್ತಿದ್ದರು, ಅದೂ ಬೆಳಿಗ್ಗೆ, ಆಸ್ಪಿರಿನ್ ತೆಗೆದುಕೊಳ್ಳುವ ಮುಂಚೆ. ಐಬುಪ್ರೊಫೇನ್ ಕೂಡ ಅದೇ ಕಿಣ್ವದ ಅದೇ ಗೂಡಿಗೆ ಹೋಗುತ್ತದೆ. ಆದರೆ ಅದು ಪೈಪೋಟಿಯ ಜಾತಿ. ಕೆಲವು ಗಂಟೆ ಕೂತು ಎದ್ದು ಹೋಗುತ್ತದೆ. ಅದು ಕೂತಿರುವಾಗ ಆಸ್ಪಿರಿನ್ ಬಂದರೆ ಒಳಗೆ ಜಾಗವಿಲ್ಲ. ಆಸ್ಪಿರಿನ್ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದೂ ಇಲ್ಲ. ಐಬುಪ್ರೊಫೇನ್ ಎದ್ದು ಹೋಗುವಷ್ಟರಲ್ಲಿ ಆಸ್ಪಿರಿನ್ ಮುಗಿದಿರುತ್ತದೆ. ಅಂದರೆ ಮಾತ್ರೆ ನುಂಗಿಯೂ ನುಂಗದ ಹಾಗೆ. ಒಂದು ತಡೆ ಇನ್ನೊಂದು ತಡೆಯನ್ನು ತಡೆಯಿತು.

ಬಂಧುಗಳೇ, ಇಲ್ಲಿಯವರೆಗೆ ಕೇಳಿದವರಿಗೆ ಪ್ರತಿಬಂಧಕ ಎಂದರೆ ಔಷಧ ಎಂದೇ ಅನ್ನಿಸಬಹುದು. ಹಾಗಲ್ಲ. ಮಾತ್ರೆಯ ಡಬ್ಬಿ ಬಿಟ್ಟು ಸ್ವಲ್ಪ ಹೊಲದ ಕಡೆ ಬನ್ನಿ. ನಮ್ಮ ಗದಗ, ಧಾರವಾಡದ ಕಡೆ ಹತ್ತಿಗೆ, ಮೆಣಸಿನಕಾಯಿಗೆ ಕೀಟನಾಶಕ ಸಿಂಪಡಿಸುವುದನ್ನು ಏನನ್ನುತ್ತಾರೆ? ‘ಎಣ್ಣಿ ಹೊಡಿಯೂದು’, ‘ಔಷಧ ಹೊಡಿಯೂದು’. ವಿಷಕ್ಕೆ ನಮ್ಮ ರೈತರು ಇಟ್ಟ ಹೆಸರು ಔಷಧ.

ಆ ಔಷಧಗಳಲ್ಲಿ ಆರ್ಗ್ಯಾನೋಫಾಸ್ಫೇಟ್ ಎಂಬ ಒಂದು ದೊಡ್ಡ ಗುಂಪಿದೆ. ನರದಿಂದ ಸ್ನಾಯುವಿಗೆ ‘ಕೆಲಸ ಮಾಡು’ ಎಂಬ ಸಂದೇಶ ಒಯ್ಯುವ ವಸ್ತು ಅಸಿಟೈಲ್‌ಕೋಲಿನ್. ಸಂದೇಶ ಮುಟ್ಟಿದ ಕೂಡಲೇ ಅದನ್ನು ಒಡೆದು ಹಾಕಲು ಒಂದು ಕಿಣ್ವವಿದೆ. ಅದರ ಒಂದೇ ಅಣು ಸೆಕೆಂಡಿಗೆ ಸಾವಿರಾರು ಸಂದೇಶದ ಅಣುಗಳನ್ನು ಒಡೆಯುತ್ತದೆ. ಲೋಕದ ಅತಿ ಚುರುಕಾದ ಕಿಣ್ವಗಳಲ್ಲಿ ಅದೂ ಒಂದು. ಆರ್ಗ್ಯಾನೋಫಾಸ್ಫೇಟ್ ಅದರ ಗೂಡಿಗೆ ಬಂದು ಅಂಟಿಕೊಳ್ಳುತ್ತದೆ. ಸಂದೇಶ ಅಳಿಯುವುದೇ ಇಲ್ಲ. ಹುಳುವಿನ ಮೈ ಸೆಟೆದು ಸಾಯುತ್ತದೆ. ಸಿಂಪಡಿಸುವ ಮನುಷ್ಯನ ಮೈಯಲ್ಲೂ ಅದೇ ಕಿಣ್ವ ಇದೆಯಲ್ಲ? ಚರ್ಮದಿಂದಲೋ ಉಸಿರಿನಿಂದಲೋ ಒಳಗೆ ಹೋದರೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ.

ನಮ್ಮ ಮಹಾರಾಷ್ಟ್ರದಲ್ಲೇ, 2017ರಲ್ಲಿ, ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಕೀಟನಾಶಕ ಹೊಡೆಯುತ್ತಿದ್ದ ನೂರಾರು ಜನ ಆಸ್ಪತ್ರೆ ಸೇರಿದರು. ಸುಮಾರು ಇಪ್ಪತ್ತು ಜನ ಸತ್ತರು. ಅಲ್ಲಿ ಬಳಕೆಯಾಗಿದ್ದ ವಿಷಗಳಲ್ಲಿ ಈ ಜಾತಿಯವೂ ಇದ್ದವು. ಊರಿನಲ್ಲಿ ಹೊಲ ಮನೆ ಇರುವ ನೀವು ಇದನ್ನು ನಿಮ್ಮವರಿಗೆ ದಯವಿಟ್ಟು ಹೇಳಿ. ಬಟ್ಟೆಯ ಮೇಲೆ ಚೆಲ್ಲಿದರೆ ಆ ಬಟ್ಟೆ ತಕ್ಷಣ ಬಿಚ್ಚಬೇಕು, ಸೋಪು ನೀರಿನಿಂದ ಮೈ ತೊಳೆಯಬೇಕು, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು, ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಅಂಟಿಕೊಂಡ ವಿಷವನ್ನು ಕಿಣ್ವದಿಂದ ಎಬ್ಬಿಸುವ ಔಷಧವೂ ವೈದ್ಯರ ಬಳಿ ಇದೆ. ಆದರೆ ಹೊತ್ತು ಮೀರಿದರೆ ಆ ಅಂಟು ಗಟ್ಟಿಯಾಗಿ, ಆಮೇಲೆ ಅದರಿಂದಲೂ ಎಬ್ಬಿಸಲಾಗದು. ಇಲ್ಲಿ ಗಂಟೆಗಳ ಲೆಕ್ಕವೇ ಪ್ರಾಣದ ಲೆಕ್ಕ.

ಈಗ ಕೇಳಿ. ವಯಸ್ಸಾದವರಿಗೆ ಮರೆವಿನ ಕಾಯಿಲೆ ಬರುತ್ತದಲ್ಲ, ಆಲ್‌ಜೈಮರ್? ಅವರ ಮೆದುಳಿನಲ್ಲಿ ಇದೇ ಅಸಿಟೈಲ್‌ಕೋಲಿನ್ ಕಡಿಮೆಯಾಗಿರುತ್ತದೆ. ಅವರಿಗೆ ಕೊಡುವ ಡೊನೆಪೆಝಿಲ್ ಎಂಬ ಮಾತ್ರೆ ತಡೆಯುವುದು ಯಾವ ಕಿಣ್ವವನ್ನು ಗೊತ್ತೇ? ಕೀಟನಾಶಕ ತಡೆಯುವ ಅದೇ ಕಿಣ್ವವನ್ನು! ಆದರೆ ಮೆಲ್ಲಗೆ, ಅಳತೆಯಲ್ಲಿ, ಕೂತು ಎದ್ದು ಹೋಗುವ ರೀತಿಯಲ್ಲಿ. ಇದ್ದ ಸಂದೇಶ ಇನ್ನು ಸ್ವಲ್ಪ ಹೊತ್ತು ಉಳಿಯಲಿ ಎಂದು. ಕಾಯಿಲೆ ವಾಸಿಯಾಗದು, ಆದರೆ ಕೆಲವರಿಗೆ ಕೆಲವು ಕಾಲ ನೆನಪು ತುಸು ಕೈಗೆ ಸಿಗುತ್ತದೆ. ಬಾಗಿಲು ಒಂದೇ. ಒಬ್ಬ ಅದಕ್ಕೆ ಮೊಳೆ ಹೊಡೆದ, ಇನ್ನೊಬ್ಬ ಮೆಲ್ಲಗೆ ಮುಂದೆ ಮಾಡಿ ಬಿಟ್ಟ. ವಿಷ, ಔಷಧ ಎಂಬ ಎರಡು ಜಾತಿ ಇಲ್ಲ. ಯಾವ ಕಿಣ್ವವನ್ನು, ಎಷ್ಟು, ಎಷ್ಟು ಹೊತ್ತು ತಡೆಯಿತು ಎಂಬುದೇ ಎಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ನಮ್ಮ ಮುಂಬೈಯಲ್ಲೇ ಇದೆ. 2015ರ ಜೂನಿನಲ್ಲಿ ಮಾಲಾಡಿನ ಮಾಲವಣಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ನಿಮಗೆ ನೆನಪಿರಬಹುದು. ಹೆಚ್ಚಿನವರು ಕೂಲಿ ಮಾಡುವ ಬಡವರು. ಅದರಲ್ಲಿದ್ದದ್ದು ಮೆಥನಾಲ್. ಮೆಥನಾಲ್ ತಾನೇ ಅಷ್ಟು ಕ್ರೂರಿಯಲ್ಲ. ನಮ್ಮ ಲಿವರಿನ ಕಿಣ್ವ ಅದನ್ನು ಬದಲಾಯಿಸಲು ಹೊರಟಾಗ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಹುಟ್ಟುತ್ತದೆ. ಕಣ್ಣು ಕಳೆಯುವುದು, ಪ್ರಾಣ ತೆಗೆಯುವುದು ಅದು. ಹಾಗಾದರೆ ಮಾಡಬೇಕಾದ್ದೇನು? ಆ ಕಿಣ್ವಕ್ಕೆ ಬೇರೆ ಗಿರಾಕಿ ಕೊಡಬೇಕು, ಇಲ್ಲವೇ ಅದನ್ನು ತಡೆಯಬೇಕು. ಆಸ್ಪತ್ರೆಯಲ್ಲಿ ಶುದ್ಧ ಎಥನಾಲನ್ನು ಅಳತೆ ಮಾಡಿ ಕೊಡುತ್ತಾರೆ. ಕಿಣ್ವಕ್ಕೆ ಎಥನಾಲ್ ಮೇಲೆ ಒಲವು ಹೆಚ್ಚು. ಅದರಲ್ಲೇ ಮುಳುಗಿರುವಾಗ ಮೆಥನಾಲ್ ಮೆಲ್ಲಗೆ ಹೊರಹೋಗುತ್ತದೆ. ಫೋಮೆಪಿಝೋಲ್ ಎಂಬ ಔಷಧವಂತೂ ನೇರವಾಗಿ ಆ ಗೂಡಿನಲ್ಲಿ ಕೂತು ತಡೆಯುತ್ತದೆ. ಇದು ಮನೆಯಲ್ಲಿ ಮಾಡುವ ಮದ್ದಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಿಣ್ವ ತನ್ನ ಕೆಲಸ ಮಾಡುವುದೇ ಸಾವು, ತಡೆಯುವುದೇ ಬದುಕು.

ಮತ್ತೆ ನಮ್ಮ ಮನೆಗೆ ಬರುತ್ತೇನೆ. ವೈದ್ಯರು ಅಪ್ಪನ ಮೇಲೆ ರೇಗಲಿಲ್ಲ. ಕೆಮ್ಮು ತರುತ್ತಿದ್ದ ಮಾತ್ರೆಯ ಬದಲು ಇನ್ನೊಂದು ಕೊಟ್ಟರು. ಈ ಹೊಸದು ಕಿಣ್ವಕ್ಕೆ ಕೈ ಹಾಕುವುದಿಲ್ಲ. ಕಿಣ್ವ ತಯಾರಿಸಿದ ವಸ್ತು ರಕ್ತನಾಳಕ್ಕೆ ತಗಲುವ ಜಾಗವನ್ನು ಮುಚ್ಚುತ್ತದೆ. ಬ್ರಾಡಿಕೈನಿನ್ ಪಾಡಿಗೆ ಬ್ರಾಡಿಕೈನಿನ್ ಒಡೆಯುತ್ತದೆ. ಆಸ್ಪಿರಿನ್ ಮತ್ತು ಸ್ಟ್ಯಾಟಿನ್ ಹಾಗೇ ಮುಂದುವರಿದವು. ಮಂಡಿ ನೋವಿಗೆ ಬೇರೆ ಉಪಾಯ ಹೇಳಿದರು. ಒಂದು ತಿಂಗಳೊಳಗೆ ಕೆಮ್ಮು ಪೂರ್ತಿ ನಿಂತಿತು. ನಾಲ್ಕು ಮಾತಿನಲ್ಲಿ ಮುಗಿಯಬೇಕಾಗಿದ್ದ ಸಂಗತಿಗೆ ನಾವು ಒಂದು ಜೀವವನ್ನು ಪಣಕ್ಕಿಟ್ಟಿದ್ದೆವು.

ಅದಕ್ಕೇ ನಿಮ್ಮಲ್ಲಿ ಮೂರು ಕೋರಿಕೆ. ಒಂದು, ಮನೆಯಲ್ಲಿ ಹಿರಿಯರ ಮಾತ್ರೆ ಇದ್ದರೆ ಅದರ ಹೆಸರು, ಅದು ಯಾತಕ್ಕೆ, ಅದರಿಂದ ಏನು ತೊಂದರೆ ಬರಬಹುದು ಎಂದು ವೈದ್ಯರನ್ನು ಕೇಳಿ. ಕೇಳಲು ನಾಚಿಕೆ ಬೇಡ, ಮರಾಠಿ ಹಿಂದಿ ಸರಿಯಾಗಿ ಬಾರದ ಹಿರಿಯರ ಜೊತೆ ನೀವೇ ಹೋಗಿ. ಎರಡು, ಅಂಗಡಿಯಿಂದ ತಂದ ನೋವಿನ ಮಾತ್ರೆ, ಊರಿನಿಂದ ಬಂದ ಕಷಾಯ, ಪುಡಿ ಎಲ್ಲವನ್ನೂ ವೈದ್ಯರಿಗೆ ತಿಳಿಸಿ. ಒಂದು ತಡೆ ಇನ್ನೊಂದನ್ನು ಕೆಡಿಸಬಹುದು. ಮೂರು, ಮಾತ್ರೆಯಿಂದ ತೊಂದರೆ ಅನ್ನಿಸಿದರೆ ತಾವಾಗಿ ನಿಲ್ಲಿಸಬೇಡಿ, ಹೋಗಿ ಹೇಳಿ. ಹೆಚ್ಚಿನ ಸಲ ಬೇರೆ ದಾರಿ ಇದ್ದೇ ಇರುತ್ತದೆ. ನಾನು ಇಲ್ಲಿ ಹೇಳಿದ್ದನ್ನು ಕೇಳಿಯೂ ಯಾವ ಮಾತ್ರೆಯನ್ನೂ ಬಿಡಬೇಡಿ, ಶುರು ಮಾಡಲೂಬೇಡಿ. ನಾನು ಹಾಡು ಹಾಕುವವಳು, ಮದ್ದು ಕೊಡುವವಳಲ್ಲ.

ಅಪ್ಪ ಈಗ ಬೆಳಿಗ್ಗೆ ಡಬ್ಬಿ ತೆರೆದು ಮೂರೂ ಮಾತ್ರೆಯನ್ನು ಅಂಗೈಲಿಟ್ಟು ನೋಡುತ್ತಾರೆ. “ಒಂದು ಬೂಷ್ಟಿನ ಮನಿದು, ಒಂದು ಹಾವಿನ ಪಾಳಿಗೆ ಬಂದದ್ದು, ಒಂದು ವೆಲ್ಡಿಂಗ್‌ದು” ಎನ್ನುತ್ತಾರೆ. ಹಾವಿನ ಮಾತ್ರೆ ಬದಲಾಗಿದೆ ಅಪ್ಪಾ ಎಂದು ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. “ಇರಲಿ ಬಿಡವ್ವಾ, ಹೆಸರು ಚಲೋ ಅದ” ಎಂದು ನೀರು ಕುಡಿಯುತ್ತಾರೆ.

ಮುಂದಿನ ವಾರ ಹಾಡುಗಳೊಂದಿಗೆ ಮತ್ತೆ ಸಿಗೋಣ. ನಿಮ್ಮ ಮನೆಯ ಡಬ್ಬಿಯ ಕಥೆ ಇದ್ದರೆ ಬರೆದು ಕಳಿಸಿ.